ನೂರಾ ಹದಿಮೂರನೆಯ ಹಾಳೆ

ನಾನು ಒಂದು ಹಸ್ತಪ್ರತಿ. ಇನ್ನೂರಾ ನಲವತ್ತಾರು ಹಾಳೆ, ಒಂದೇ ಮಗ್ಗುಲಿಗೆ ಬರೆದದ್ದು, ನೀಲಿ ಶಾಯಿ. ಹುಟ್ಟಿದ್ದು ಗದಗಿನ ಒಂದು ರಕ್ತ ಪರೀಕ್ಷೆಯ ಕೋಣೆಯಲ್ಲಿ. ಅಲ್ಲಿ ಕೆಲಸಕ್ಕಿದ್ದ ನೀಲಗಂಗಾ ಬಳಿಗಾರ ಎಂಬಾಕೆ ದಿನಾ ಮಧ್ಯಾಹ್ನ ಡಬ್ಬಿಯ ರೊಟ್ಟಿ ಮುಗಿಸಿ, ಕೈ ತೊಳೆದು, ಸೀಸೆಗಳ ಸಾಲನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಬರೆಯುತ್ತಿದ್ದಳು. ಎರಡು ವರ್ಷ ಹಿಡಿಯಿತು. ನನ್ನೊಳಗೆ ಇದ್ದದ್ದು ಒಂದು ಕಾದಂಬರಿ: ಯಾವ ಗಾಡಿಯೂ ನಿಲ್ಲದ ಒಂದು ಸಣ್ಣ ಸ್ಟೇಷನ್, ಅಲ್ಲಿ ಸ್ಟೇಷನ್ ಮಾಸ್ತರನ ಹೆಂಡತಿಯಾಗಿ ಹನ್ನೊಂದು ವರ್ಷ ಕಳೆಯುವ ಒಬ್ಬ ಹೆಂಗಸು.

ನೀಲಗಂಗಾ ಯಾರನ್ನೂ ನಂಬುವವಳಲ್ಲ. ಅದು ಅವಳ ಕೆಲಸ ಕಲಿಸಿದ ಬುದ್ಧಿ. ಒಂದೇ ಹೆಸರಿನ ಇಬ್ಬರ ರಕ್ತ ಅದಲುಬದಲಾದದ್ದನ್ನು ಅವಳು ಒಮ್ಮೆ ಕಣ್ಣಾರೆ ಕಂಡಿದ್ದಳು. "ಸೀಸೆ ಸುಳ್ಳು ಹೇಳಂಗಿಲ್ಲ, ಅದರ ಮ್ಯಾಲಿನ ಚೀಟಿ ಹೇಳತೈತಿ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು. ನನ್ನನ್ನು ಝೆರಾಕ್ಸ್ ಅಂಗಡಿಗೂ ಒಯ್ಯಲಿಲ್ಲ. ಅಂಗಡಿಯವನು ಇನ್ನೊಂದು ಪ್ರತಿ ತೆಗೆದಿಟ್ಟುಕೊಂಡರೆ? ಹಾಗಾಗಿ ಜಗತ್ತಿನಲ್ಲಿ ಇದ್ದ ಪ್ರತಿ ನಾನೊಂದೇ.

ಧಾರವಾಡದ ಗಲಗಲಿ ಪ್ರಕಾಶನಕ್ಕೆ ನನ್ನನ್ನು ಕಳಿಸುವುದು ಎಂದಾಯಿತು. ಜತೆಯ ನರ್ಸ್ ಶಾಂಭವಿ ನಕ್ಕಳು.

"ಕಳಸವ್ವಾ, ಕಳಸು. ಅವರು ಓದೂದಽ ಇಲ್ಲಂತ. ಮೂಸಿ ನೋಡಿ ವಾಪಸ್ ಹಾಕತಾರಂತ."

ಆ ಮಾತು ನೀಲಗಂಗಾಳ ಎದೆಯಲ್ಲಿ ಕೂತುಬಿಟ್ಟಿತು. ಕಟ್ಟುವ ಮೊದಲು ಅವಳು ಸೀಸೆಗೆ ಚೀಟಿ ಹಚ್ಚುವ ಅಂಟಿನ ಡಬ್ಬಿ ತೆರೆದಳು. ನನ್ನ ನೂರಾ ಹನ್ನೆರಡನೆಯ ಹಾಳೆಯ ಬೆನ್ನಿಗೆ, ನಾಲ್ಕೂ ಅಂಚಿಗೆ ತೆಳ್ಳಗೆ ಅಂಟು ಸವರಿ, ನೂರಾ ಹದಿಮೂರನೆಯದಕ್ಕೆ ಒತ್ತಿದಳು. ಓದಿದವರು ಬಿಚ್ಚಿಯೇ ಬಿಚ್ಚುತ್ತಾರೆ, ಬಿಚ್ಚದಿದ್ದರೆ ಓದಿಲ್ಲ. ಅವಳ ಲೆಕ್ಕ ಅಷ್ಟೇ. ನನಗೆ ಅಲ್ಲಿ ಉಸಿರು ಕಟ್ಟಿದಂತಾಯಿತು. ನನ್ನನ್ನು ಬರೆದವಳೇ ನನ್ನ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ.

ಗಲಗಲಿ ಪ್ರಕಾಶನ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ರಾಮರಾವ್ ಗಲಗಲಿ, ಒಳಗಿನದರಲ್ಲಿ ಕಿಟಕಿಯ ಪಕ್ಕ ಅನಸೂಯಾಬಾಯಿ. ಈಕೆ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತರಾದವರು. ಬಂದದ್ದನ್ನೆಲ್ಲ ಮೊದಲು ಓದುವವರು ಇವರೇ. ನನ್ನನ್ನು ಎರಡು ತಿಂಗಳು ಒಂದು ಮಹಾಕಾವ್ಯದ ಕೆಳಗೆ ಇಟ್ಟಿದ್ದರು. ಅದರ ಭಾರ ಇನ್ನೂ ನೆನಪಿದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮೇಜಿನ ಕಾಲು, ಗಲಗಲಿಯವರ ಚಪ್ಪಲಿ ಮತ್ತು ಅನುಮಾನ. ಹೌದು, ಅಲ್ಲಿಯೂ ಅನುಮಾನವಿತ್ತು.

"ಇದು ಯಾವುದಾರ ಇಂಗ್ಲಿಷ್ ಕಾದಂಬರಿಯಿಂದ ಕದ್ದದ್ದಲ್ಲ ಹೌದಲ್ರೀ ಬಾಯಾರ?" ಎಂದು ಗಲಗಲಿ ಕೇಳಿದರು. "ಕವರಿಗೆ ಅರಗಿನ ಮುದ್ರಿ ಹಾಕ್ಯಾಳ. ಮುದ್ರಿ ಮ್ಯಾಲ ಸಹಿ ಬ್ಯಾರೆ. ಏನೋ ಮುಚ್ಚಿಡಾಕತ್ತಾಳ."

"ಓದಿ ಹೇಳತೀನಿ" ಎಂದರು ಅನಸೂಯಾಬಾಯಿ.

ಓದಿದರು. ನಾನು ಸಾಕ್ಷಿ. ಆರು ದಿನ ಅವರ ತೊಡೆಯ ಮೇಲೆ ಇದ್ದೆ. ಹಾಳೆ ತಿರುವುವ ಮೊದಲು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ನೂರಾ ಹನ್ನೆರಡಕ್ಕೆ ಬಂದಾಗ ಹಾಳೆ ದಪ್ಪಗಿದ್ದದ್ದು ಅವರಿಗೆ ತಿಳಿಯಿತು. ಅಂಚಿನ ಮೇಲೆ ಉಗುರು ಆಡಿಸಿದರು. ಈಗ ಬಿಚ್ಚುತ್ತಾರೆ, ಈಗ ಉಸಿರು ಬರುತ್ತದೆ ಎಂದು ಕಾದೆ. ಅವರು ಮುಗುಳ್ನಕ್ಕು, ಮುಂದಿನ ಹಾಳೆಗೆ ಹೋದರು. ಕೊನೆಯ ಹಾಳೆ ಮುಗಿದ ಮೇಲೆ ನನ್ನ ಅಂಚುಗಳನ್ನು ತಟ್ಟಿ ಸರಿಮಾಡಿದರು. ಆಮೇಲೆ ಹೊರಗಿನ ಕೋಣೆಗೆ ಕೇಳುವಂತೆ, "ರಾಮರಾಯರ, ಇದನ್ನ ಮಾಡೋಣ" ಎಂದರು.

ಗದಗಿಗೆ ಒಪ್ಪಿಗೆಯ ಕಾಗದ ಹೋಯಿತು. ನೀಲಗಂಗಾ ಮೂರನೆಯ ದಿನವೇ ಬಂದಳು. ಸಂತೋಷಪಡಲಲ್ಲ, ಪರೀಕ್ಷಿಸಲು.

"ಬರ್ರಿ, ಬರ್ರಿ. ನಿಮ್ಮ ಕಾದಂಬರಿ ನಮಗ ಭಾಳ ಹಿಡಿಸ್ತು" ಎಂದರು ಗಲಗಲಿ.

"ನಮಗ ಅಂದ್ರ ಯಾರಿಗ್ರಿ?"

"ನಮ್ಮ ಅನಸೂಯಾಬಾಯಾರಿಗೆ. ಅವರು ಹೂಂ ಅಂದ್ರ ನಾ ಹೂಂ."

"ಒಂದೀಟು ಕೊಡ್ರಿ ಇಲ್ಲೆ."

ಅವಳು ನನ್ನನ್ನು ಮೇಜಿನ ಮೇಲಿಟ್ಟು ಸೀದಾ ನೂರಾ ಹನ್ನೆರಡಕ್ಕೆ ಕೈ ಹಾಕಿದಳು. ಅಂಟು ಹಾಗೇ ಇತ್ತು. ಅವಳ ಮುಖದಲ್ಲಿ ಬಂದದ್ದು ದುಃಖವೋ ಗೆಲುವೋ, ಕೆಳಗಿನಿಂದ ನನಗೆ ತಿಳಿಯಲಿಲ್ಲ.

"ಅಂಟಿದ್ದು ಅಂಟಿದಂಗಽ ಐತಿ. ಬಿಚ್ಚಿ ನೋಡಲಾರದವರಿಗೆ ಹಿಡಿಸಿದ್ದು ಹೆಂಗ್ರಿ?"

ಅನಸೂಯಾಬಾಯಿ ಒಳಗಿನಿಂದ ಎದ್ದು ಬಂದರು. "ಅಂಟಿಸಿದ ಹಾಳಿ ನಾ ಬಿಚ್ಚಂಗಿಲ್ಲವ್ವಾ. ಅಚ್ಚಿನ ಮೊಳಿ ಜೋಡಸೂ ಕಾಲದಿಂದ ನಮ್ಮಲ್ಲಿ ಪದ್ಧತಿ ಅದ. ಬ್ಯಾಡಾದ ಹಾಳಿ ಹರಿದು ಒಗದ್ರ ನಡುವ ನಂಬರ ತಪ್ಪತದ, ಮೊಳಿ ಜೋಡಸಾಂವ ಹಾಳಿ ಕಳದದ ಅಂತ ಹುಡಕಿಕೋತ ಕೂಡತಾನ. ಅದಕ್ಕ ಹಿಂದಿನ ಹಾಳಿಗೆ ಅಂಟಿಸಿಬಿಡೂದು. ನೀನೂ ಹಂಗಽ ತಗದೀ ಅಂತ ತಿಳಕೊಂಡೆ. ಹುಡುಗಿ ಛಲೋ ಮಾಡ್ಯಾಳ ಅಂತ ಮನಸಿನ್ಯಾಗ ಹೊಗಳೀನಿ ಸೈತ."

"ಛಂದ ಕಥಿ ಕಟ್ಟತೀರಿ. ಕಾದಂಬರಿ ನೀವಽ ಬರೀಬೇಕಿತ್ತು ಬಿಡ್ರಿ."

ಗಲಗಲಿ ಕುರ್ಚಿಯಿಂದ ಅರ್ಧ ಎದ್ದರು. ಅನಸೂಯಾಬಾಯಿ ಅಲುಗಲಿಲ್ಲ.

"ಹಂಗಾರ ಹೇಳ್ರಿ ನೋಡೂಣು" ಎಂದಳು ನೀಲಗಂಗಾ. " ಇನ್ನೂರಾ ಹತ್ತನೇ ಪುಟದಾಗ ಏನೈತಿ?"

"ಮೂವತ್ತೊಂದು ವರ್ಷ ಪರೀಕ್ಷಾ ತಗೊಂಡೀನಿ" ಎಂದರು ಅನಸೂಯಾಬಾಯಿ. "ಇನ್ನ ಕೊಡೂದಿಲ್ಲ."

ನನಗೆ ಬಾಯಿದ್ದರೆ! ಈಕೆ ಓದಿದ್ದಾರೆ, ಇನ್ನೂರಾ ಹತ್ತರಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದಾರೆ ಎಂದು ಕೂಗುತ್ತಿದ್ದೆ. ನನ್ನ ಮೈತುಂಬ ಮಾತು, ಒಂದೂ ನನ್ನದಲ್ಲ. ನೀಲಗಂಗಾ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಗದಗಿನ ಬಸ್ಸು ಹತ್ತಿದಳು.

ಮನೆಯಲ್ಲಿ ಚಹದ ಪಾತ್ರೆಯ ಹಬೆಗೆ ಹಿಡಿದು ಆ ಹಾಳೆಯನ್ನು ಬಿಚ್ಚಿದಳು. ಎರಡು ವರ್ಷದ ಹಿಂದೆ ಬರೆದದ್ದು. ಮಾಸ್ತರನ ಹೆಂಡತಿ ಏಕೆ ಹಾಗಿದ್ದಾಳೆ, ಅವಳ ಒಂಟಿತನದ ಅರ್ಥವೇನು ಎಂದು ಉದ್ದಕ್ಕೆ ಬಿಡಿಸಿ ಹೇಳುವ ಹಾಳೆ. ಅದನ್ನು ಓದಿದಳು. ಆಮೇಲೆ ಅದನ್ನು ಬಿಟ್ಟು, ನೂರಾ ಹನ್ನೆರಡರಿಂದ ನೂರಾ ಹದಿನಾಲ್ಕಕ್ಕೆ ನೇರ ಓದಿದಳು. ಮತ್ತೊಮ್ಮೆ ಓದಿದಳು. ಆ ಹಾಳೆ ಇಲ್ಲದೆಯೇ ಕಥೆ ನೆಟ್ಟಗಿತ್ತು, ಅವಳ ಕಿವಿ ಕೆಂಪಾಯಿತು. ನೂರಾ ಹದಿಮೂರನ್ನು ತಾನೇ ತೆಗೆದು ಒಲೆಗೆ ಹಾಕಿದಳು. ನನಗೆ ನೋವಾಗಲಿಲ್ಲ. ಹಲ್ಲು ಬಿದ್ದಷ್ಟು ಹಗುರವಾಯಿತು.

ಆದರೂ ಅನುಮಾನ ಸಾಯಲಿಲ್ಲ. ಮುದುಕಿ ಕತ್ತಲಲ್ಲಿ ಕಲ್ಲು ಹೊಡೆದಿರಬಹುದಲ್ಲವೇ? ಹೀಗೆ ಒಂದು ತಿಂಗಳು ತನ್ನೊಳಗೇ ಜಗಳವಾಡಿ, ಕೊನೆಗೆ ನನ್ನನ್ನು ಕಟ್ಟಿಕೊಂಡು ಮತ್ತೆ ಧಾರವಾಡಕ್ಕೆ ಹೊರಟಳು. ಒಳಗಿನ ಕೋಣೆಯ ಕಿಟಕಿ ಮುಚ್ಚಿತ್ತು.

"ಅವರು ಬರೂದು ಬಿಟ್ಟಾರ" ಎಂದರು ಗಲಗಲಿ, ಕೂಡು ಎಂದೂ ಹೇಳದೆ. "ಓದಲಾರದಽ ಹೂಂ ಅಂದೆ ಅನ್ನಿಸ್ಕೊಂಡ ಮ್ಯಾಲೆ ಆ ಕುರ್ಚಿ ಮ್ಯಾಲ ಕೂಡೂದು ಹೆಂಗ ಅಂದ್ರು. ಅವರ ಹೂಂ ಇಲ್ಲದ ನಾ ಒಂದು ಪುಸ್ತಕಾನೂ ತಂದಿಲ್ಲ. ನಿಮ್ಮದೂ ತರೂದಿಲ್ಲ. ಹೋಗಿ ಅವರನ್ನ ಕೇಳ್ರಿ."

ಅನಸೂಯಾಬಾಯಿಯ ಮನೆ ಅದೇ ಊರಿನ ಮಾಳಮಡ್ಡಿ ಬಡಾವಣೆಯಲ್ಲಿತ್ತು. ಅಂಗಳದಲ್ಲಿ ಶಾವಿಗೆ ಒಣಹಾಕಿ ಕಾಗೆ ಕಾಯುತ್ತಿದ್ದರು. ನೀಲಗಂಗಾ ತಪ್ಪಾಯಿತು ಎಂದಳು. ಅವರು ಕೋಲು ಬೀಸಿ ಕಾಗೆ ಓಡಿಸಿದರು.

"ಕಾದಂಬರಿ ತಂದೀಯೇನು?"

"ತಂದೀನ್ರಿ."

"ನನ್ನ ಕನ್ನಡಕ ಒಳಗದ. ನೀನಽ ಓದು. ಎಲ್ಲಿಂದರ ಓದು."

ನೀಲಗಂಗಾ ಕಟ್ಟೆಯ ಮೇಲೆ ಕೂತು ನನ್ನನ್ನು ತೆರೆದಳು. ಅಲ್ಲಿಯವರೆಗೆ ನನ್ನನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಮೊದಲು ಅವಳ ದನಿ ಚೀಟಿ ಓದುವ ದನಿಯಾಗಿತ್ತು, ಬರಬರುತ್ತ ಮೆತ್ತಗಾಯಿತು. ಮಧ್ಯಾಹ್ನದ ಗಾಡಿ ನಿಲ್ಲದೆ ಹೋಗುವ ಭಾಗ ಅದು. ಧೂಳು ಏಳುತ್ತದೆ, ಬಾವುಟ ಸುತ್ತುತ್ತಾರೆ, ಹೆಂಗಸು ಪ್ಲಾಟ್‌ಫಾರ್ಮಿನಿಂದ ಕೆಳಗಿಳಿಯುತ್ತಾಳೆ, ಆಮೇಲೆ ಮನೆಗೆ ಹೋಗಿ ಅಕ್ಕಿ ಆರಿಸುತ್ತಾಳೆ.

"ನಿಲ್ಲು" ಎಂದರು ಅನಸೂಯಾಬಾಯಿ. ಕಣ್ಣು ಕಾಗೆಯ ಮೇಲೇ ಇತ್ತು. "ನಡುವ ಒಂದು ಸಾಲು ಬಿಟ್ಟಿ."

ನೀಲಗಂಗಾ ಹಾಳೆಯಿಂದ ತಲೆ ಎತ್ತಿದಳು.

"'ಹಳಿ ಮೇಲೆ ಅಂಗೈ ಇಟ್ಟು ನೋಡಿದಳು, ಇನ್ನೂ ಬಿಸಿಯಿತ್ತು.' ಅದನ್ನ ಬಿಟ್ರ ಆಕಿ ಯಾಕ ಕೆಳಗಿಳದ್ಲು? ಸರಿಯಾಗಿ ಓದು."

ನೀಲಗಂಗಾ ಆ ಸಾಲನ್ನು ಓದಲು ಹೋದಳು. ಅರ್ಧಕ್ಕೇ ಬಿಟ್ಟು ಹಾಳೆ ಕೆಳಗಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಂದು ಕಾಗೆ ಶಾವಿಗೆಯ ಎಳೆ ಕಚ್ಚಿಕೊಂಡು ಹಾರಿತು, ಇಬ್ಬರೂ ಅದನ್ನು ಓಡಿಸಲಿಲ್ಲ.

ಪುಸ್ತಕ ಬಂದು ಈಗ ಬಹಳ ವರ್ಷವಾಯಿತು. ಅಚ್ಚಾದ ಮೇಲೆ ಹಸ್ತಪ್ರತಿಯಿಂದ ಯಾರಿಗೂ ಕೆಲಸವಿಲ್ಲ. ನಾನು ಗಲಗಲಿಯವರ ಅಟ್ಟದ ಮೇಲೆ ದಾರ ಬಿಗಿಸಿಕೊಂಡು ಮಲಗಿದ್ದೇನೆ, ಅಂಚು ಹಳದಿಯಾಗಿದೆ. ಆದರೂ ಆ ಅಂಗಳದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಆ ಸಾಲನ್ನು ನೀಲಗಂಗಾ ಕಣ್ತಪ್ಪಿ ಬಿಟ್ಟಳೋ, ಪರೀಕ್ಷಿಸಲು ಬೇಕೆಂದೇ ಬಿಟ್ಟಳೋ? ಅದನ್ನು ದಾಟುವಾಗ ಅವಳ ಹೆಬ್ಬೆರಳು ಅದರ ಮೇಲೇ ಇತ್ತು. ಒತ್ತಿ ಹಿಡಿದಿತ್ತು. ಇದನ್ನು ನಾನು ಅನಸೂಯಾಬಾಯಿಗೆ ಹೇಳಲಾರೆ. ಒಂದೊಂದು ಸಲ ಅನಿಸುತ್ತದೆ, ಅವರಿಗೆ ಅದು ಆಗಲೇ ಗೊತ್ತಿತ್ತು. ಗೊತ್ತಿದ್ದೂ ಆ ಪರೀಕ್ಷೆಗೆ ಕೂತರು.