ಫಿಟಕರಿಯ ಮುಖ

ಕೆಂಡದ ಮೇಲಿಟ್ಟ ಫಿಟಕರಿ, ಅಂದರೆ ಪಟಿಕದ ಕಲ್ಲು, ಬುಸುಗುಟ್ಟಿ ಉಬ್ಬತೊಡಗಿತು. ಅದನ್ನು ಉಜ್ವಲಾಳ ತಲೆಯ ಸುತ್ತ ನಿವಾಳಿಸಿ ಹಾಕಿದ್ದ ಅಜ್ಜಿ ಮೀರಾಬಾಯಿ ಬಗ್ಗಿ ನೋಡಿದಳು. ಹುಡುಗಿ ಯಾವುದಕ್ಕೆ ಅಂಜಿದ್ದಾಳೋ ಅದರ ಆಕಾರವೇ ಕೆಂಡದಲ್ಲಿ ಮೂಡುತ್ತದೆಂದು ಅವಳ ನಂಬಿಕೆ.

“ನಾಯಿ ಅದ ನೋಡು. ಜನವಾಡದಾಗ ಬಸ್ ಇಳಿದಾಗ ಬೆನ್ನ ಹತ್ತಿರಬೇಕು.”

“ನಾಯಿಗಿ ಇಷ್ಟುದ್ದ ಕೂದಲಾ ಎಲ್ಲಿರ್ತಾವ್ರಿ ಆಯಿ? ಚಶ್ಮಾ ಹಾಕ್ಕೊಂಡು ನೋಡ್ರಿ,” ಎಂದು ಪಕ್ಕದ ಮನೆಯ ಅನ್ವರಿ ಬೇಗಂ ನಕ್ಕಳು.

“ನಿನಗೇನು ಕಾಣಸ್ತದ, ನೀನೇ ಹೇಳು ಮತ್ತ.”

“ಔರತ್. ಹೆಣ್ಣಮಗಳ ಮಾರಿ.”

ಉಜ್ವಲಾ ಕೆಂಡದಿಂದ ಕಣ್ಣು ತೆಗೆದಳು. ತನಗೆ ಅಂಜಿಕೆ ಬಂದದ್ದು ಇಂಗ್ಲಿಷ್ ಎಂ.ಎ. ಪಾಠದಿಂದ ಎಂದು ಇವರಿಗೆ ಹೇಗೆ ಹೇಳುವುದು? ಇನ್ನೂರು ವರ್ಷದ ಹಿಂದೆ ಹೂವು, ಮೋಡಗಳನ್ನು ಹಾಡಿದ ಇಂಗ್ಲಿಷ್ ಕವಿಯೊಬ್ಬ ಕೊನೆಗಾಲದಲ್ಲಿ ಬರೆದಿದ್ದ: ಮನಸ್ಸಿಗೆ ತಳವಿಲ್ಲ, ಬಹಳ ಜನ ಅದರ ಮೇಲ್ನೀರಿನಲ್ಲೇ ಬದುಕಿ ಮುಗಿಸುತ್ತಾರೆ, ಒಮ್ಮೆ ಇಳಿದವರಿಗೆ ದಡದವರು ಕರೆದದ್ದು ಕೇಳಿಸುವುದಿಲ್ಲ.

ಅದನ್ನು ಓದಿದ ದಿನದಿಂದ ಒಳಕೋಣೆಯ ಕಡೆ ನೋಡಲು ಅವಳಿಗೆ ಭಯ. ಅಲ್ಲಿ ತಂದೆಯ ತಂಗಿ ಸಪನಾ ಇದ್ದಳು. ಬೀದರಿನಲ್ಲಿ ಇದೇ ಎಂ.ಎ. ಓದುತ್ತಿದ್ದವಳು ಒಂದು ದಿನ ಸುಮ್ಮನಾಗಿದ್ದಳು. ವರ್ಷಗಳಿಂದ ಮಾತಿಲ್ಲ, ಕರೆದರೆ ತಿರುಗುವುದೂ ಇಲ್ಲ. ನಿನ್ನೆ ತಾಯಿ ಹತ್ತಿರವೇ ನಿಂತು ತನ್ನನ್ನು ಕರೆದದ್ದು ಉಜ್ವಲಾಳಿಗೂ ಕೇಳಿಸಿರಲಿಲ್ಲ.

ಕಲ್ಲು ಆರಿದ ಮೇಲೆ ಅಜ್ಜಿ ಅದನ್ನು ಎಲೆಯಲ್ಲಿಟ್ಟು ಕೊಟ್ಟಳು. “ಮೂರು ಹಾದಿ ಕೂಡೋ ಕಡಿ ಇಟ್ಟು ಎಡಗಾಲಿಲೆ ತುಳಿ. ಪುಡಿ ಆಗಬೇಕು. ತುಳಿಲಿಲ್ಲಂದ್ರ ಅಂಜಿಕಿ ಮೈಯಾಗೇ ಉಳೀತದ.”

ಚಿದ್ರಿಯ ರಸ್ತೆ ಕೂಡುವಲ್ಲಿ ಬಿಸಿಲು ಬಿದ್ದಿತ್ತು. ಉಜ್ವಲಾ ಎಲೆಯನ್ನು ನೆಲಕ್ಕಿಟ್ಟಳು. ಬೆಳ್ಳಗೆ, ಹಗುರಾಗಿ ಉಬ್ಬಿದ ಮುಖ. ಇಳಿಬಿದ್ದ ಕೂದಲು, ಒತ್ತಿ ಮುಚ್ಚಿದ ಬಾಯಿ. ಸಪನಾ ಅತ್ತಿಯದೇ. ಎಡಗಾಲು ಎತ್ತಿದಳು. ಅದು ಕೆಳಗಿಳಿಯಲೊಲ್ಲದು.

“ಏ ಅಕ್ಕಾ, ಕೊಕ್ಕರಿ ಹಾಂಗ ನಿಂತೀರಲ್ಲ, ಜರಾ ಸರೀರಿ,” ಎಂದು ಆಟೋದವನು ಹಾರ್ನ್ ಹೊಡೆದ.

ಅವಳು ಗಡಬಡಿಸಿ ಕಲ್ಲನ್ನು ಎತ್ತಿಕೊಂಡು ಓಢಣಿಯ ಸೆರಗಿನೊಳಗೆ ಮುಚ್ಚಿದಳು. ಬಿರಬಿರನೆ ಮನೆಗೆ ಬಂದಳು. ಅಜ್ಜಿ ಅಂಗಳದಲ್ಲಿರಲಿಲ್ಲ. ಒಳಕೋಣೆಯಿಂದ ಗೊಗ್ಗರು ದನಿಯೊಂದು ಬಂತು.

“ತುಳಿದಿಯೇನು?”

ಉಜ್ವಲಾ ಹೊಸ್ತಿಲಲ್ಲೇ ನಿಂತಳು. “ಇಲ್ಲ ಅತ್ತಿ,” ಎಂದಳು.

“ನಾನೂ ತುಳಿಲಿಲ್ಲ.”

ಗೋಡೆಗೆ ಮುಖ ಮಾಡಿ ಕುಳಿತಿದ್ದ ಸಪನಾ ತಿರುಗಲಿಲ್ಲ. ಹಗ್ಗದ ಹೊರಸಿನ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.