ಹೊಟ್ಟೆನೋವಿನ ಪಟ್ಟಿ

ಆ ಮನೆಯಲ್ಲಿ ಬೆಳಗಿನ ಚಹಾದ ಜೊತೆಗೇ ಕೆಂಪು ಪೆನ್ನೂ ಮೇಜಿಗೆ ಬರುತ್ತಿತ್ತು. ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೀದಿಗೆಲ್ಲ ದೊಡ್ಡ ಟೀಚರು. ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕರೆಯೋಲೆ ಬಂದರೆ ಮೊದಲು ತಪ್ಪು ಹುಡುಕಿ ಸುತ್ತು ಹಾಕಿ, ಆಮೇಲೆ ಯಾರ ಮದುವೆ ಎಂದು ನೋಡುವರು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ತಾಯಿಯ ಕಣ್ಣೆದುರು ಒಂದು ಚೀಟಿ ಬರೆಯಲೂ ಹೆದರುವ ಪ್ರಾಣಿ. ಮಗಳಿಗೆ ಇಪ್ಪತ್ತಾರು ತುಂಬಿದ್ದರೂ ಎಲ್ಲರ ಬಾಯಲ್ಲೂ ಅವಳು ಪುಟ್ಟಿಯೇ. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ಊಟದ ಹೊತ್ತಿಗೇ ಏಳುವವಳು. "ಅವಳಿಗೆ ಕಣ್ಣು ಸರಿಯಿಲ್ಲ, ಓದಿದ್ರೆ ತಲೆನೋವು ಬರತ್ತೆ" ಎಂದು ಅತ್ತೆ, ಸೊಸೆ ಬಂದ ಹೊಸತರಲ್ಲೇ ಹೇಳಿಬಿಟ್ಟಿದ್ದರು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವವಳಿಗೆ ಅದೆಂಥ ಕಣ್ಣಿನ ದೋಷವೋ! ಸೊಸೆ ಕೇಳಲಿಲ್ಲ. ಹೊಸ ಮನೆ, ಹೊಸ ಜನ, ಬಾಯಿ ಮುಚ್ಚಿಕೊಂಡಿದ್ದಳು.

ಆ ಸೊಸೆಗೆ ಈ ವರ್ಷ, ಅತ್ತೆ ಒಂದು ಕಾಲಕ್ಕೆ ಆಳಿದ ಶಾಲೆಯಲ್ಲೇ ಎರಡನೇ ತರಗತಿಯ ಟೀಚರ್ ಕೆಲಸ ಸಿಕ್ಕಿತು. ತರಬೇತಿ ಮುಗಿಸಿ ಆರು ವರ್ಷ ಕಾದು, ಮೂರು ಸಲ ಪರೀಕ್ಷೆ ಬರೆದು ಪಡೆದ ಕೆಲಸ. ಅದೂ ಮೊದಲ ವರ್ಷ ಪರೀಕ್ಷಾವಧಿ. ವರ್ಷದ ಕೊನೆಗೆ ಅಧಿಕಾರಿ ಬಂದು ಒಂದು ಪಾಠ ನೋಡಿ ಸೈ ಅಂದರೆ ಕಾಯಂ.

ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಅವರಿಗೆಂದು ಬಂದ ಹನ್ನೆರಡು ಟ್ಯಾಬ್‌ಗಳು ಹೆಡ್‌ಮಾಸ್ಟರ ಕಬ್ಬಿಣದ ಬೀರುವಿನಲ್ಲಿ ಎರಡು ವರ್ಷದಿಂದ ಹಾಯಾಗಿ ಮಲಗಿದ್ದವು. ಮೇಲಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ತಿಂಗಳಿಗೊಮ್ಮೆ ಹೊರತೆಗೆದು, ಮುಂದಿನ ಬೆಂಚಿನ ಮಕ್ಕಳ ಕೈಗೆ ಕೊಟ್ಟು, ಫೋಟೋ ತೆಗೆದು ಮೇಲಕ್ಕೆ ಕಳಿಸಿ, ಮತ್ತೆ ಬೀಗ. "ಗೀರು ಬಿದ್ರೆ ಯಾರಮ್ಮ ಜವಾಬ್ದಾರಿ?" ಎಂದರು ಹೆಡ್‌ಮಾಸ್ಟರು. "ನಾನೇ" ಎಂದು ಬರೆದುಕೊಟ್ಟು ಆಕೆ ಹನ್ನೆರಡನ್ನೂ ತರಗತಿಗೆ ಒಯ್ದಳು.

ಒಯ್ದವಳು ಮುಂದಿನ ಬೆಂಚಿಗೆ ಕೊಡಲಿಲ್ಲ. ಕೊನೆಯ ಬೆಂಚಿನಲ್ಲಿ ಆರು ಮಕ್ಕಳಿದ್ದರು, ಇನ್ನೂ ಅಕ್ಷರ ಕೂಡಿಸಲು ಒದ್ದಾಡುವವರು. ಅವರಲ್ಲೊಬ್ಬಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಓದು ಎಂದರೆ ಸಾಕು, ಲಂಗದ ಅಂಚು ಬಾಯಿಗಿಟ್ಟುಕೊಂಡು ನಿಂತುಬಿಡುವಳು. ಟೀಚರು ಮನೆಯಲ್ಲಿ ಕೂತು ಪಾಠದ ಒಂದೊಂದು ಪದವನ್ನೂ ತನ್ನ ದನಿಯಲ್ಲಿ ಟ್ಯಾಬಿಗೆ ತುಂಬಿದಳು. ಪದ ಮುಟ್ಟಿದರೆ ಅದು ಹೇಳುತ್ತದೆ. ಮಗು ತಿರುಗಿ ಹೇಳಿದ್ದನ್ನು ಹಿಡಿದಿಟ್ಟು ಕೇಳಿಸುತ್ತದೆ. ಹತ್ತು ಸಲ ಮುಟ್ಟಿದರೂ ಗದರುವುದಿಲ್ಲ, ಪಕ್ಕದವರು ನಗುವುದಿಲ್ಲ. ಮೂರನೇ ವಾರ ಗುಬ್ಬಿ ಟ್ಯಾಬ್ ಪಕ್ಕಕ್ಕಿಟ್ಟು, ಪುಸ್ತಕದಿಂದಲೇ ಒಂದು ಸಾಲು ಓದಿದಳು. ಓದಿ ತಾನೇ ಬೆಚ್ಚಿದಳು. ಅವತ್ತು ಟೀಚರು ಮನೆಗೆ ಓಡುತ್ತಲೇ ಬಂದಳು ಅನ್ನಬೇಕು.

ಅಧಿಕಾರಿ ಬರಲು ಒಂದು ವಾರ ಇದೆ ಎನ್ನುವಾಗ ಹೆಡ್‌ಮಾಸ್ಟರು ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿ ಆ ಆರು ಮಕ್ಕಳ ಹೆಸರು.

"ಇದು ಹೊಟ್ಟೆನೋವಿನ ಪಟ್ಟಿ" ಎಂದರು.

"ಮಕ್ಕಳಿಗೆ ಏನಾಯ್ತು ಸಾರ್?"

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. "ಏನೂ ಆಗಿಲ್ಲ ಕಣಮ್ಮ. ಸಾಹೇಬ್ರು ಬರೋ ದಿನ ಇವರಿಗೆ ಹೊಟ್ಟೆನೋವು. ಹಿಂದಿನ ದಿನ ನೀವೇ ಕರೆದು ಹೇಳ್ಬೇಕು, ನಾಳೆ ಬರಬೇಡಿ, ಯಾರಾದ್ರೂ ಕೇಳಿದ್ರೆ ಹೊಟ್ಟೆನೋವು ಅನ್ನಿ ಅಂತ. ಎಲ್ಲ ತರಗತೀಲೂ ಇರೋ ಪದ್ಧತಿ. ನಿಮ್ಮತ್ತೆ ಕಾಲದಿಂದ ಬಂದಿರೋದು. ಸುಮ್ನೆ ಹನ್ನೊಂದು ವರ್ಷ ಉತ್ತಮ ಶಾಲೆ ಅನ್ನಿಸ್ಕೊಂಡ್ವಾ?"

ಆಕೆಯ ಮೈ ಉರಿಯಿತು. ಕಲಿಯಲೆಂದು ಶಾಲೆಗೆ ಬಂದ ಏಳು ವರ್ಷದ ಮಗುವಿಗೆ, ನಿನಗೆ ಬರುವುದಿಲ್ಲ, ಅದಕ್ಕೇ ಮನೆಯಲ್ಲಿ ಬಿದ್ದಿರು ಎನ್ನುವುದು! ಅದನ್ನೂ ಮಗುವಿನ ಬಾಯಿಂದಲೇ ಸುಳ್ಳು ಹೇಳಿಸಿ ಮಾಡಿಸುವುದು! ಕಳ್ಳರಿಗಾದರೂ ಇಷ್ಟು ಅಚ್ಚುಕಟ್ಟು ಬರಲಿಕ್ಕಿಲ್ಲ.

ಭಾನುವಾರ ಮಧ್ಯಾಹ್ನ ಆಕೆ ಮನೆಯಲ್ಲಿ ಪಾಠ ಸಿದ್ಧ ಮಾಡುತ್ತಿದ್ದಾಗ ಪುಟ್ಟಿ ಪಕ್ಕಕ್ಕೆ ಬಂದು ಕೂತಳು. ಒಂದು ಪದ ಮುಟ್ಟಿದಳು. "ಕೊಡೆ" ಎಂದಿತು ಟ್ಯಾಬ್. ಮತ್ತೆ ಮುಟ್ಟಿದಳು. ಮತ್ತೆ ಕೊಡೆ. ಆರೇಳು ಸಲ ಅದನ್ನೇ ಮುಟ್ಟಿ, ಕೆಳಗಿನ ಸಾಲಿನಲ್ಲಿದ್ದ ಅದೇ ಪದಕ್ಕೆ ಬೆರಳಿಟ್ಟು, "ಇದೂ ಕೊಡೆನೇನಾ ಅತ್ತಿಗೆ?" ಎಂದು ಪಿಸುಗುಟ್ಟಿದಳು.

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಕಣ್ಣಿನ ದೋಷ ಯಾವುದೆಂದು ಆಗ ತಿಳಿಯಿತು.

"ನೀನು ಶಾಲೆಗೆ ಹೋಗ್ಲಿಲ್ವಾ ಪುಟ್ಟಿ?"

"ಹೋಗ್ತಿದ್ದೆ. ನಂಗೆ ಬೇಗ ಬರ್ತಿರ್ಲಿಲ್ಲ. ಯಾರಾದ್ರೂ ನೋಡೋಕೆ ಬರೋ ದಿನ ಅಮ್ಮ ಬೆಳಿಗ್ಗೆನೇ ಹೇಳೋರು, ಇವತ್ತು ನಿಂಗೆ ಹೊಟ್ಟೆನೋವು, ಮಲ್ಕೋ ಅಂತ. ಟೀಚರ ಮಗಳೇ ದಡ್ಡಿ ಅಂದ್ರೆ ಮಾನ ಹೋಗತ್ತಲ್ಲ. ಆಮೇಲಾಮೇಲೆ ಶಾಲೆ ಗಂಟೆ ಕೇಳಿದ್ರೆ ನಿಜವಾಗ್ಲೂ ಹೊಟ್ಟೆ ನೋಯೋಕೆ ಶುರುವಾಯ್ತು. ನಾಲ್ಕನೇ ಕ್ಲಾಸಿಗೆ ಬಿಟ್ಬಿಟ್ಟೆ. ಈಗ್ಲೂ ಬಸ್ ಹತ್ಬೇಕಾದ್ರೆ ಬೋರ್ಡ್ ಯಾರನ್ನಾದ್ರೂ ಕೇಳ್ತೀನಿ, ಕನ್ನಡಕ ಮರೆತು ಬಂದೆ ಅಂತ ಸುಳ್ಳು ಹೇಳಿ."

ಸೊಸೆ ನೆಟ್ಟಗೆ ಅಡುಗೆಮನೆಗೆ ನಡೆದಳು. ಅತ್ತೆ ಚಹಾ ಸೋಸುತ್ತಿದ್ದರು.

"ಆ ಪಟ್ಟಿ ನೀವೇ ಶುರು ಮಾಡಿದ್ದಂತೆ?"

"ಹೌದು. ಏನೀಗ?" ಅತ್ತೆ ತಿರುಗಿ ನೋಡಲಿಲ್ಲ. "ನಾಲ್ಕು ಮಕ್ಕಳಿಂದ ಇಡೀ ಶಾಲೆಗೆ ಕೆಟ್ಟ ಹೆಸರು ಬರಬೇಕಾ? ನಾನು ಮಾಡಿದ್ದು ಶಾಲೆಗೋಸ್ಕರ. ನೀನು ನಿನ್ನೆ ಮೊನ್ನೆ ಸೀಮೆಸುಣ್ಣ ಹಿಡಿದವಳು, ನಂಗೆ ಹೇಳೋಕೆ ಬರಬೇಡ."

"ಒಂದು ದಿನ ಬರಬೇಡ ಅಂದ್ರೆ ಮಗುಗೆ ಏನು ಅರ್ಥ ಆಗತ್ತೆ ಅತ್ತೆ? ನೀನಿಲ್ಲದಿದ್ರೇನೇ ಶಾಲೆ ಚೆಂದ ಅಂತ ತಾನೇ? ಓದೋಕೆ ಬರದೇ ಇರೋರಿಗೆ ಕಲಿಸೋಕೆ ನಮ್ಮನ್ನ ಇಟ್ಟಿರೋದು. ಬರೋರು ಹೇಗೂ ಕಲೀತಾರೆ."

"ಮೊದಲು ಕಾಯಂ ಆಗು. ಆಮೇಲೆ ಊರು ಉದ್ಧಾರ ಮಾಡು."

ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. "ನಂಗೆ ಹೊಟ್ಟೆನೋವು ಇರ್ಲಿಲ್ಲ ಅಮ್ಮ" ಎಂದಳು. ಅಷ್ಟೇ. ದೊಡ್ಡ ಟೀಚರ ಕೈಯ ಜರಡಿ ಅಲ್ಲೇ ನಿಂತಿತು. ಚಹಾ ಕಟ್ಟೆಯ ಮೇಲೆಲ್ಲ ಹರಿಯಿತು. ಆದರೂ ಅವರು ಸೋಲುವ ಜನವಲ್ಲ. "ಹೋಗು, ಬಟ್ಟೆ ತಂದು ಒರೆಸು" ಎಂದರು.

ಗಂಡ ಹೊರಗೆ ಬಂದು ತಲೆ ಕೆರೆದುಕೊಂಡ. "ಒಂದು ದಿನದ ಮಾತು ತಾನೇ, ಹೊಂದಿಕೊಂಡು ಹೋಗು" ಎಂದ. ತಂಗಿಯ ಇಡೀ ಬಾಳು ಕಣ್ಣೆದುರೇ ಹಾಳಾಗಿದ್ದರೂ ಒಂದು ದಿನ ಎನ್ನುವವನಿಗೆ ಏನು ಹೇಳುವುದು?

ಅಧಿಕಾರಿ ಬಂದ ದಿನ ಮೂವತ್ತನಾಲ್ಕು ಮಕ್ಕಳೂ ಬಂದಿದ್ದರು. ಹಿಂದಿನ ದಿನ ಆಕೆ ಆರು ಮಕ್ಕಳ ಮನೆಗೂ ಹೋಗಿ, "ನಾಳೆ ತಪ್ಪದೆ ಕಳಿಸಿ" ಎಂದು ಹೇಳಿ ಬಂದಿದ್ದಳು. ಗುಬ್ಬಿಯ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. "ಕಳಿಸಬಹುದಾ? ಹೋದ ವರ್ಷ ಬೇಡ ಅಂದಿದ್ರಲ್ಲ" ಎಂದು ಎರಡೆರಡು ಸಲ ಕೇಳಿದ್ದಳು.

ಕೊನೆಯ ಬೆಂಚನ್ನು ಎತ್ತಿ ಮುಂದೆ ಹಾಕಿದ್ದನ್ನು ಕಂಡು ಹೆಡ್‌ಮಾಸ್ಟರ ಮುಖ ಸುಣ್ಣವಾಯಿತು. ಗುಬ್ಬಿ ಎದ್ದು ನಿಂತಳು. ಒಂದು ಪದಕ್ಕೆ ತಡವರಿಸಿ, ಟ್ಯಾಬ್ ಮುಟ್ಟಿ ಕೇಳಿಕೊಂಡು, ಮತ್ತೆ ಪುಸ್ತಕಕ್ಕೆ ಬಂದು, ಐದು ಸಾಲನ್ನು ಓದಿ ಮುಗಿಸಲು ಒಂಬತ್ತು ನಿಮಿಷ ಹಿಡಿಯಿತು. ಅಧಿಕಾರಿ ನಾಲ್ಕು ಸಲ ಗಡಿಯಾರ ನೋಡಿದರು. ಮಕ್ಕಳು ಮಾತ್ರ ಚಪ್ಪಾಳೆ ತಟ್ಟಿದರು.

ಆಮೇಲೆ ಕಚೇರಿಯಲ್ಲಿ ಅಧಿಕಾರಿ ಮೆತ್ತಗೆ ಮಾತಾಡಿದರು. ಕೆಟ್ಟ ಮನುಷ್ಯರಲ್ಲ ಅವರು, ಅದೇ ಇನ್ನೂ ಸಿಟ್ಟು ತರಿಸುವ ವಿಷಯ.

"ಪಾಠ ಚೆನ್ನಾಗಿತ್ತಮ್ಮ. ಆದ್ರೆ ಆ ಆರು ಜನರನ್ನ ಲೆಕ್ಕಕ್ಕೆ ತಗೊಂಡ್ರೆ ಶಾಲೆ ಸರಾಸರಿ ಬಿದ್ದುಹೋಗತ್ತೆ. ಟ್ಯಾಬಲ್ಲಿ ಇವತ್ತಿನ ಹಾಜರಿ ಇನ್ನೂ ಕಳಿಸಿಲ್ವಲ್ಲ? ಅವರನ್ನ ಅಸ್ವಸ್ಥ ಅಂತ ಗುರುತು ಮಾಡಿಬಿಡಿ. ನಿಮ್ಮ ಕಾಯಂ ಆದೇಶಕ್ಕೆ ಈಗಲೇ ಸಹಿ ಹಾಕ್ತೀನಿ."

ಟ್ಯಾಬ್ ಆಕೆಯ ಕೈಯಲ್ಲೇ ಇತ್ತು. ಆರು ಹೆಸರು, ಆರು ಸಲ ಬೆರಳು ಒತ್ತಿದರೆ ಮುಗಿಯಿತು. ಆರು ವರ್ಷ ಕಾದ ಕೆಲಸ.

"ಸಾರ್, ಆ ಮಗು ಈಗ ತಾನೇ ನಿಮ್ಮ ಮುಂದೆ ನಿಂತು ಓದಿದ್ಲು" ಎಂದಳು. "ಬಂದೇ ಇಲ್ಲ ಅಂತ ಹೇಗೆ ಬರೀಲಿ?"

"ಯೋಚನೆ ಮಾಡಿ. ಇನ್ನೊಂದು ವರ್ಷ ಪರೀಕ್ಷಾವಧಿ ಆಗತ್ತೆ. ಆಗಲೂ ಇದೇ ಮಾತು ಬಂದ್ರೆ ಕೆಲಸವೇ ಇರಲ್ಲ."

"ಆಗ್ಲಿ ಸಾರ್." ಮೂವತ್ತನಾಲ್ಕೂ ಹಾಜರು ಎಂದು ಒತ್ತಿ ಕಳಿಸಿದಳು.

ಸುದ್ದಿ ಆಕೆಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು. ಗಂಡ ಪತ್ರಿಕೆಯ ಹಿಂದೆ ಅವಿತುಕೊಂಡ.

ಮರುದಿನ ಬೆಳಿಗ್ಗೆ ಆಕೆ ಚಪ್ಪಲಿ ಮೆಟ್ಟುತ್ತಿದ್ದಾಗ ಪುಟ್ಟಿಯೂ ಬಂದು ತನ್ನ ಚಪ್ಪಲಿ ಹುಡುಕತೊಡಗಿದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು.

"ನಿಮ್ಮ ಕ್ಲಾಸಲ್ಲಿ ಕೂರಬಹುದಾ ಅತ್ತಿಗೆ? ಹಿಂದಿನ ಬೆಂಚಾದ್ರೂ ಸರಿ."

ಅತ್ತೆ ಒಳಗಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು. "ತಲೆ ಕೆಟ್ಟಿದೆಯಾ ನಿಂಗೆ? ಪುಟ್ಟ ಮಕ್ಕಳ ಜೊತೆ ಕೂತ್ಕೋತೀಯಾ? ದೊಡ್ಡ ಟೀಚರ ಮಗಳಿಗೆ ಓದೋಕೆ ಬರಲ್ಲ ಅಂತ ಊರಿಗೆಲ್ಲ ಗೊತ್ತಾಗತ್ತೆ!"

"ಗೊತ್ತಾಗ್ಲಿ ಅಮ್ಮ" ಎಂದಳು ಪುಟ್ಟಿ. ತಾಯಿಯ ಕೈಯನ್ನು ಮೆಲ್ಲಗೆ ಸರಿಸಿ ಬೀದಿಗೆ ಇಳಿದಳು.