ಜಿಂಕೆ ಮುಖದ ಗುಂಡಿಗಳು

ಮೂರನೆಯ ಗುಂಡಿಯೂ ಸಿಕ್ಕಾಗ ವೆಂಡಿಗೆ ಮೊದಲು ಆದದ್ದು ಖುಷಿಯೇ. ನೆಲದಡಿಯ ಲೋಹ ಹುಡುಕುವ ಡಿಟೆಕ್ಟರನ್ನು ಉತ್ತ ಮಣ್ಣಿನ ಮೇಲೆ ಮಲಗಿಸಿ, ಮಂಡಿಯೂರಿ, ಹೆಬ್ಬೆರಳಿನಿಂದ ಕೆಸರು ಒರೆಸಿದಳು. ಕವಲುಗೊಂಬಿನ ಜಿಂಕೆಯ ಮುಖ. ಯಾವುದೋ ಜಮೀನ್ದಾರರ ಮನೆಯ ಆಳುಗಳು ತೊಡುತ್ತಿದ್ದ ಕೋಟಿನದಿರಬೇಕು, ಇನ್ನೂರು ವರ್ಷದ್ದಾದರೂ ಆದೀತು ಎಂದುಕೊಂಡು ಹಿಂಬದಿ ತಿರುಗಿಸಿದಳು.

ಖುಷಿ ಅಲ್ಲೇ ಇಂಗಿತು. ಆ ಕಾಲದ ಗುಂಡಿಯಾಗಿದ್ದರೆ ಹಿಂದೆ ತಂತಿಯ ಬಳೆಯನ್ನು ಬೆಸೆದಿರುತ್ತಿದ್ದರು. ಇದರದ್ದು ಯಂತ್ರದಲ್ಲಿ ಒತ್ತಿದ ತೆಳು ತಗಡು. ಅದರ ಹೊಲಿಗೆ ತೂತಿನಲ್ಲಿ ಇನ್ನೂ ನೀಲಿ ದಾರ ಸಿಕ್ಕಿಕೊಂಡಿತ್ತು. ಎಳೆದಳು, ಹರಿಯಲಿಲ್ಲ. ನೈಲಾನ್. ಹತ್ತಿ ದಾರವಾಗಿದ್ದರೆ ಎಂದೋ ಮಣ್ಣಾಗಿರುತ್ತಿತ್ತು.

ಗೆಳತಿ ಲೋರ್ನಾಳ ನೀಲಿ ಕೋಟನ್ನು ನಾರ್ವಿಚ್‌ನ ಅಂಗಡಿಯಲ್ಲಿ ಆರಿಸಿದ್ದು ಇಬ್ಬರೂ ಕೂಡಿ. "ಗುಂಡಿ ನೋಡೇ, ಡ್ಯೂಕನ ಮನೆ ಬಾಗಿಲು ಕಾಯೋನ ಥರ ಕಾಣ್ತೀನಿ" ಎಂದು ಅವಳು ಕನ್ನಡಿಗೆ ಸೆಲ್ಯೂಟ್ ಹೊಡೆದಿದ್ದಳು. ಆ ಚಳಿಗಾಲವೇ ಅವಳು ಯಾರೋ ಗಂಡಸಿನ ಜೊತೆ ಕೆನಡಾಕ್ಕೆ ಓಡಿಹೋದಳೆಂದು ಅವಳ ಗಂಡ ರಾಲ್ಫ್ ಊರಿಗೆಲ್ಲ ಹೇಳಿದ. ಒಂದು ಕಾಗದವೂ ಬರಲಿಲ್ಲ. ತನಗೂ ಹೇಳದೆ ಹೋದಳಲ್ಲ ಎಂದು ವೆಂಡಿ ವರ್ಷಗಟ್ಟಲೆ ಮುನಿಸಿಕೊಂಡಿದ್ದಳು.

ಈಗ ಅವಳು ಮಂಡಿಯೂರಿದ್ದದ್ದು ರಾಲ್ಫ್‌ನ ಹೊಲದಲ್ಲೇ. ಎಲ್ಲಿ ಬೇಕಾದರೂ ಅಗೆ, ಮಣ್ಣು ತುಂಬಿ ಮುಚ್ಚಿದ ಕೊಳದ ಮೂಲೆಗೆ ಮಾತ್ರ ಹೋಗಬೇಡ, ಕಾಲು ಹೂತುಹೋಗುತ್ತೆ ಎಂದು ಅವನು ಪ್ರತಿವರ್ಷ ಹೇಳುತ್ತಿದ್ದ. ಈ ಸಲ ಬಾಡಿಗೆ ಟ್ರ್ಯಾಕ್ಟರಿನವನು ಗೊತ್ತಿಲ್ಲದೆ ಆ ಮೂಲೆಯನ್ನೂ ಉತ್ತುಬಿಟ್ಟಿದ್ದ. ನೆಲವೆಲ್ಲ ಒಂದೇ ಸಮ ಕಂಡು, ವೆಂಡಿಗೆ ತಾನು ಆ ಮೂಲೆಗೇ ಬಂದಿದ್ದೇನೆಂದು ತಿಳಿದಿರಲಿಲ್ಲ.

"ಏನ್ ಸಿಕ್ತು? ರಾಜನ ಕಿರೀಟಾನಾ?"

ರಾಲ್ಫ್ ಬೇಲಿಯ ಕಡೆಯಿಂದ ಬರುತ್ತಿದ್ದ. ದಾರವಿದ್ದ ಗುಂಡಿಯನ್ನೂ ಇನ್ನೊಂದನ್ನೂ ಅವಳು ಕೈಗವಸಿನೊಳಗೆ ತುರುಕಿದಳು. ಒಂದು ಅಂಗೈಯಲ್ಲೇ ಉಳಿಯಿತು.

"ಹಳೇ ಗುಂಡಿ," ಎಂದಳು. "ಆಳುಗಳ ಕೋಟಿಂದು. ಇನ್ನೂರು ವರ್ಷ ಆಗಿರ್ಬೇಕು."

"ಕೊಡಿಲ್ಲಿ."

ಅವನು ಕೂಡಲೇ ಹಿಂಬದಿ ತಿರುಗಿಸಿದ. ಹಾಗೆ ತಿರುಗಿಸಿ ನೋಡುವುದನ್ನು ಕಲಿಸಿದವಳು ಅವಳೇ. ಎಷ್ಟೋ ಭಾನುವಾರ ಅವನ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿಯುತ್ತ.

"ಬೆಸುಗೆ ಇಲ್ವಲ್ಲ ವೆಂಡಿ."

"ಕಿತ್ತುಹೋಗಿರುತ್ತೆ. ಆಮೇಲೆ ಯಾರೋ ರಿಪೇರಿ ಮಾಡಿದಾರೆ."

"ಹಾಗೂ ಮಾಡ್ತಿದ್ರಾ?"

"ಮಾಡ್ತಿದ್ರು."

ಅವನು ಅವಳ ಮುಖವನ್ನು ನೋಡಿದ. "ನಿಂಗೆ ಗೊತ್ತಿಲ್ದೇ ಇರೋದಾ," ಎಂದು ಗುಂಡಿಯನ್ನು ಜೇಬಿಗಿಳಿಸಿದ. ಇಷ್ಟು ವರ್ಷಗಳಲ್ಲಿ ಅವನು ಒಂದನ್ನೂ ಇಟ್ಟುಕೊಂಡವನಲ್ಲ. ಬಗ್ಗಿ ಅವಳ ಗುದ್ದಲಿ ಎತ್ತಿಕೊಂಡ. "ಮುಂದೆ ನಡಿ."

ಅವಳು ನಡೆದಳು. ಹಿಂದೆ ಅವನ ಬೂಟುಗಳು ಕೆಸರಿನಿಂದ ಪಚಕ್ ಪಚಕ್ಕೆಂದು ಏಳುತ್ತಿದ್ದವು. ಒಮ್ಮೆ ಆ ಸದ್ದು ನಿಂತಿತು. ಅವಳಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಮತ್ತೆ ಸದ್ದು ಶುರುವಾಯಿತು.

"ಒಳಗ್ ಬಾ, ಚಹಾ ಕುಡ್ದು ಹೋಗು," ಎಂದ ಕಾರಿನ ಹತ್ತಿರ.

"ಇವತ್ತು ಬೇಡ. ತಂಗಿ ಕಾಯ್ತಿರ್ತಾಳೆ."

"ನಿನ್ ತಂಗಿ ಸ್ಪೇನ್‌ನಲ್ಲಿದಾಳಲ್ಲ."

"ಫೋನ್ ಮಾಡ್ತಾಳೆ. ಅದಕ್ಕೆ."

ರಾಲ್ಫ್ ತಲೆಯಾಡಿಸಿದ. ಗುದ್ದಲಿಯನ್ನು ಸದ್ದಾಗದಂತೆ ಡಿಕ್ಕಿಯಲ್ಲಿಟ್ಟು ಮುಚ್ಚಿದ. ಅವಳು ಮೂರು ಸಲ ಕೀಲಿ ಹಾಕಲು ಹೋಗಿ ತಪ್ಪಿದಳು. ಅವನು ಅಲ್ಲೇ ನಿಂತು ನೋಡುತ್ತಿದ್ದ.

ಪೇಟೆಯ ಪೊಲೀಸ್ ಠಾಣೆಯಲ್ಲಿ ಮೇಜಿನ ಹಿಂದೆ ಇದ್ದವಳು ಎಳೆ ವಯಸ್ಸಿನ ಪೇದೆ. ವೆಂಡಿ ಕೈಗವಸಿನಿಂದ ಎರಡೂ ಗುಂಡಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ನಿಧಿ ತಂದಿದ್ದಾರೆಂದುಕೊಂಡಳೇನೋ ಪೇದೆ, "ಎಷ್ಟು ಹಳೇದು ಮೇಡಂ?" ಎಂದಳು.

"ಹಳೇದಲ್ಲ ಮಗು," ಎಂದಳು ವೆಂಡಿ. "ಇದು ನನ್ನ ಗೆಳತೀದು."

ಕೋಟು, ಕೆನಡಾ, ಕೊಳ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ತೆರೆಯಿತು. ಪೇದೆಯ ಕಣ್ಣು ಅತ್ತ ಹೊರಳಿತು. ತಿರುಗದೆಯೇ ವೆಂಡಿಗೆ ಯಾರೆಂದು ತಿಳಿಯಿತು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಅವಳು ಹೇಳೋದು ಸರಿ," ಎಂದ ರಾಲ್ಫ್.

ಪೇದೆ ಮೆಲ್ಲನೆ ಎದ್ದು ನಿಂತಳು. "ಒಳಗೆ ಬನ್ನಿ ಸರ್."

ಅವನು ಟೋಪಿ ತೆಗೆದ. ಆದರೆ ಒಳಗೆ ಬರಲಿಲ್ಲ. ಬಾಗಿಲ ಬಳಿಯ ಮ್ಯಾಟಿನ ಮೇಲೆ ನಿಂತು, ತಲೆ ಬಗ್ಗಿಸಿ, ಬೂಟು ಒರೆಸತೊಡಗಿದ. ಮೊದಲು ಎಡಗಾಲು, ಆಮೇಲೆ ಬಲಗಾಲು, ಮತ್ತೆ ಎಡಗಾಲು.